ಮುತ್ತಜ್ಜನ ಹೆಸರು ಯಾರ ಕಡತದಲ್ಲಿದೆ?

ಹೋದ ಸಂಚಿಕೆಯಲ್ಲಿ "ಮನೆತನದ ಹಿಂದಿನ ತಲೆಮಾರು ಹುಡುಕ್ತಿರೋರು ಆನ್‌ಲೈನ್‌ನಲ್ಲಿ ಎಲ್ಲಿ ಸಿಕ್ಕಾಕ್ಕೊಂಡಿದೀರ, ಬರೀರಿ" ಅಂತ ಕೇಳಿದ್ವಿ. ಕಾಗದ, ಇಮೇಲ್, ವಾಟ್ಸಾಪ್ ಎಲ್ಲಾ ದಾರಿಯಿಂದ್ಲೂ ಪ್ರಶ್ನೆ ಬಂದಿವೆ, ಹೆಚ್ಚಿನವು ಒಂದೇ ಥರ: "ಹೆಸರು ಟೈಪ್ ಮಾಡಿದೆ, ಏನೂ ಬರ್ಲಿಲ್ಲ." ಸ್ವಾಮಿ, ಹೆಸರು ಟೈಪ್ ಮಾಡೋಕೆ ಮುಂಚೆ ಒಂದು ವಿಷ್ಯ ಯೋಚನೆ ಮಾಡಿ, ಈ ಮನುಷ್ಯನ ಹೆಸರನ್ನ ಯಾರಾದ್ರೂ ಯಾಕೆ ಬರೆದಿಟ್ಟಿರ್ತಾರೆ? ಕಂದಾಯಕ್ಕಾ, ಕೂಲಿ ಲೆಕ್ಕಕ್ಕಾ, ಪಿಂಚಣಿಗಾ, ಚರ್ಚಿನ ದೀಕ್ಷಾಸ್ನಾನಕ್ಕಾ, ಕೋರ್ಟು ಕೇಸಿಗಾ? ಅದು ಗೊತ್ತಾದ್ರೆ ಯಾವ ಸೈಟು, ಯಾವ ಕಚೇರಿ ಅನ್ನೋದು ಅರ್ಧ ಗೊತ್ತಾದ ಹಾಗೆ. ಈ ಸಲ ಏಳು ಪ್ರಶ್ನೆ ತಗೊಂಡಿದೀನಿ.

ನಮಸ್ಕಾರ ಮೇಡಂ. ನಮ್ಮದು ಮದ್ದೂರು ತಾಲೂಕು. ತಾತನ ಅಪ್ಪ ಬೋರೇಗೌಡ ಅಂತ, ಅಲ್ಲಿಂದ ಹಿಂದಕ್ಕೆ ಮನೇಲಿ ಯಾರಿಗೂ ಗೊತ್ತಿಲ್ಲ. ಫ್ಯಾಮಿಲಿಸರ್ಚ್ ಅನ್ನೋ ಸೈಟಲ್ಲಿ ಹಾಕಿ ನೋಡಿದೆ, ನಮಗೆ ಸಂಬಂಧ ಇಲ್ದೇ ಇರೋರೆಲ್ಲ ಬಂದ್ರು. ನಮ್ಮಂಥ ಹಳ್ಳಿ ಜನದ್ದು ಎಲ್ಲಾದ್ರೂ ಇರತ್ತಾ? — ಮದ್ದೂರು ಕಡೆಯ ಓದುಗರು

ಇರತ್ತೆ, ಆದ್ರೆ ಅಲ್ಲಿ ಅಲ್ಲ. ಫ್ಯಾಮಿಲಿಸರ್ಚ್ ಅಮೆರಿಕದ ಸಾಲ್ಟ್ ಲೇಕ್ ಸಿಟಿಯ ಮಾರ್ಮನ್ ಚರ್ಚಿನವರದ್ದು, ದುಡ್ಡು ಕೇಳಲ್ಲ, 1938ರಿಂದ ದೇಶ ದೇಶ ಸುತ್ತಿ ಹಳೇ ದಾಖಲೆಗಳ ಮೈಕ್ರೋಫಿಲಂ ತೆಗೀತಾ ಬಂದಿದಾರೆ, ದೊಡ್ಡ ಕೆಲಸಾನೇ, ಆದ್ರೆ ನಮ್ಮ ದೇಶದ್ದು ಅಂದ್ರೆ ಅಲ್ಲಿ ಎದ್ದು ಕಾಣೋದು ಚರ್ಚ್ ರಿಜಿಸ್ಟರು ಮತ್ತೆ ಹರಿದ್ವಾರದಂಥ ಕ್ಷೇತ್ರಗಳ ಪಂಡಾಗಳು ಇಟ್ಟಿರೋ ಯಾತ್ರಿಕರ ವಹಿಗಳು. ಮದ್ದೂರಿನ ಒಕ್ಕಲು ಮನೆತನ ಅದರಲ್ಲಿ ಯಾಕಿರತ್ತೆ ಹೇಳಿ. ನಿಮ್ಮ ಮುತ್ತಜ್ಜನ ಹೆಸರು ಬರೆದಿಟ್ಟಿರೋರು ಶಾನುಭೋಗರು, ಬರೆದದ್ದು ಕಂದಾಯ ವಸೂಲಿಗೆ.

ಹಾಗಾಗಿ ಹೆಸರು ಬಿಡಿ, ಸರ್ವೆ ನಂಬರ್ ಹಿಡೀರಿ. ಹೆಸರು ತಲೆಮಾರಿಗೊಂದ್ಸಲ ಬದಲಾಗತ್ತೆ, ತಾತನ ಹೆಸರನ್ನೇ ಮೊಮ್ಮಗನಿಗಿಟ್ಟು ಇನ್ನಷ್ಟು ಗೊಂದಲ ಮಾಡಿರ್ತೀವಿ, ಸರ್ವೆ ನಂಬರ್ ಮಾತ್ರ ಸಾಮಾನ್ಯವಾಗಿ ಅದೇ ಇರತ್ತೆ, ಪಾಲಾದಾಗ ಪಕ್ಕಕ್ಕೊಂದು ಹಿಸ್ಸಾ ನಂಬರ್ ಸೇರ್ಕೊಳತ್ತೆ ಅಷ್ಟೆ. ಜಮೀನು ಯಾವ ಕಾಲದಲ್ಲೋ ಮಾರಿಹೋಗಿದ್ರೂ ಪರವಾಗಿಲ್ಲ, "ನಮ್ಮ ಹಳೇ ಗದ್ದೆ ಇಲ್ಲಿತ್ತು" ಅಂತ ತೋರಿಸೋ ಒಬ್ಬ ದೊಡ್ಡಪ್ಪನೋ ಸೋದರತ್ತೆನೋ ಇದ್ರೆ ಸಾಕು, ಅವರನ್ನ ಕರ್ಕೊಂಡು ಹೋಗಿ ಅಲ್ಲೇ ನಿಂತ್ಕೊಂಡು ದಿಶಾಂಕ್ ಆಪ್ ತೆಗೆದ್ರೆ ಸರ್ವೆ ನಂಬರ್ ತೋರಿಸತ್ತೆ. ಆಮೇಲೆ ಭೂಮಿ ವೆಬ್‌ಸೈಟಲ್ಲಿ ಈಗಿನ ಪಹಣಿ, ಮ್ಯುಟೇಶನ್ ನೋಡಿ. ಕಂಪ್ಯೂಟರ್ ಪಹಣಿ ಬಂದಿದ್ದೇ 2000ದ ಆಚೀಚೆ, ಅದಕ್ಕೆ ಹಿಂದಿನ ಕೈಬರಹದ ಪಹಣಿ, ಎಂಆರ್ (ಖಾತೆ ಬದಲಾವಣೆ ಬರೆಯೋ ಮ್ಯುಟೇಶನ್ ರಿಜಿಸ್ಟರ್) ಪುಸ್ತಕ, ಇನ್ನೂ ಹಿಂದಕ್ಕೆ ಹೋದ್ರೆ ಐಎಲ್ (ಜಮೀನುಗಳ ಸೂಚಿ), ಆರ್‌ಆರ್ (ಹಕ್ಕು ದಾಖಲೆ) ಇವೆಲ್ಲ ತಾಲೂಕು ಕಚೇರಿ ರೆಕಾರ್ಡ್ ರೂಮಿನ ಗಂಟುಗಳಲ್ಲಿರತ್ತೆ. ಭೂ ಸುರಕ್ಷಾ ಅಂತ 2024ರಲ್ಲಿ ಶುರುವಾದ ಯೋಜನೆಯಲ್ಲಿ ಈ ಗಂಟುಗಳನ್ನ ಬಿಚ್ಚಿ ಸ್ಕ್ಯಾನ್ ಮಾಡೋ ಕೆಲ್ಸ ನಡೀತಿದೆ, ನಿಮ್ಮ ಹಳ್ಳಿದು ಆಗಿದ್ಯಾ ಅಂತ ತಾಲೂಕು ಕಚೇರಿಲಿ ಮೊದ್ಲು ವಿಚಾರಿಸಿ, ಆಗಿದ್ರೆ ನಕಲು ಸಿಗೋದು ಸುಲಭ, ಆಗದೇ ಇದ್ರೆ ಅರ್ಜಿ ಕೊಟ್ಟು ಕಾಯೋದೇ.

ಕೇಳುವಾಗ "ಹಳೇ ದಾಖಲೆ ಎಲ್ಲಾ ಕೊಡಿ" ಅನ್ಬೇಡಿ, ಯಾರೂ ಕೊಡಲ್ಲ. ಫೌತಿ ಖಾತೆ ಆದ ಎಂಆರ್ ಪ್ರತಿ ಕೇಳಿ, ಕೆಲವು ಕಡೆ ಹಳೇದಕ್ಕೆ ಐಎಚ್‌ಸಿ ಅಂತ ನಂಬರ್ ಇರತ್ತೆ. ಖಾತೆದಾರ ತೀರಿಕೊಂಡಾಗ ವಾರಸುದಾರರ ಹೆಸರಿಗೆ ಖಾತೆ ಹೋಗಿದ್ದನ್ನ ಅದರಲ್ಲಿ ಬರೆದಿರ್ತಾರೆ, ಉದಾಹರಣೆಗೆ "ಬೋರೇಗೌಡ ಬಿನ್ ಚಿಕ್ಕಬೋರೇಗೌಡ ಫೌತಿಯಾಗಿದ್ದು" ಅಂತ ಒಂದು ಸಾಲಿದ್ರೆ ಒಂದೇ ಏಟಿಗೆ ಇನ್ನೊಂದು ತಲೆಮಾರು ಸಿಕ್ಕಂತೆ, ಕೆಳಗೆ ಹೆಂಡತಿ ಹೆಸರಿನ ಮುಂದೆ "ಕೋಂ" ಅಂತ ಬಂದು ಗಂಡನ ಹೆಸರಿರತ್ತೆ. ಪಾಲುಪಾರೀಕತ್ತು ರಿಜಿಸ್ಟರ್ ಆಗಿದ್ರೆ ಅದು ಇನ್ನೂ ಒಳ್ಳೇದು, ಅಣ್ಣತಮ್ಮಂದಿರೆಲ್ಲ ವರಸೆ ಪ್ರಕಾರ ಬಂದಿರ್ತಾರೆ. ಆದ್ರೆ ಹೆಣ್ಣುಮಕ್ಕಳು ಹಳೇ ಕಾಗದಗಳಲ್ಲಿ ಹೆಚ್ಚಾಗಿ ಇರಲ್ಲ, ಮದುವೆ ಮಾಡಿ ಕೊಟ್ಟ ಮೇಲೆ ಶಾನುಭೋಗರ ಲೆಕ್ಕಕ್ಕೆ ಅವರು ಬೇಕಿರ್ಲಿಲ್ಲ. 1994ರಲ್ಲಿ ನಮ್ಮ ರಾಜ್ಯದಲ್ಲಿ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಪಾಲು ಅಂತ ಕಾನೂನು ತಿದ್ದಿದ ಮೇಲಿನ ಕಾಗದಗಳಲ್ಲಿ ಅವರ ಹೆಸರು, ಸಹಿ ಕಾಣಿಸ್ಕೊಳ್ಳೋದು ಜಾಸ್ತಿ ಆಯ್ತು. ಅದಕ್ಕೆ ಹಿಂದಿನ ಅಜ್ಜಿಯರ ಹೆಸರು ಬೇಕಂದ್ರೆ ಸಂಬಂಧಿಕರ ಮನೆಗಳಲ್ಲೇ ಕೇಳಿ, ಈಗಲೇ ಕೇಳಿ.

ಇದನ್ನ ಓದಿ "ನಮ್ಮೋರಿಗೆ ಜಮೀನೇ ಇರ್ಲಿಲ್ಲವಲ್ಲ" ಅನ್ನೋ ಓದುಗರು ತುಂಬಾ ಜನ ಇದೀರ ಅಂತ ಗೊತ್ತು. ಗೇಣಿಗೆ ಮಾಡ್ತಿದ್ದ ಮನೆತನ ಆದ್ರೆ ಹಳೇ ಕೈಬರಹದ ಪಹಣಿಯ 9ನೇ ಕಾಲಂ ಬಿಟ್ಟು 12ನೇ ಕಾಲಂ ನೋಡಿ, 9ರಲ್ಲಿ ಮಾಲೀಕ ಇರ್ತಾನೆ, 12ರಲ್ಲಿ ಉಳೋನು ಇರ್ತಾನೆ. 1974ರ ಭೂಸುಧಾರಣೆ ತಿದ್ದುಪಡಿ ಆದ್ಮೇಲೆ ಗೇಣಿದಾರರು ಫಾರಂ ನಂಬರ್ 7 ಹಾಕಿದ್ರಲ್ಲ, ಆ ಭೂ ನ್ಯಾಯಮಂಡಳಿ ಫೈಲುಗಳಲ್ಲಿ ಎಷ್ಟು ವರ್ಷದಿಂದ ಉಳ್ತಿದೀವಿ, ಅಪ್ಪ ಯಾರು ತಾತ ಯಾರು ಅಂತ ಹೇಳಿಕೆಗಳೇ ಇರತ್ತೆ. ಎಷ್ಟೋ ಮನೆತನಗಳ ಹಿರೀಕರ ಮಾತು ಮೊದಲನೇ ಸಲ ಸರ್ಕಾರದ ಕಾಗದಕ್ಕೆ ಬಿದ್ದಿದ್ದು ಅಲ್ಲೇ, ಆದ್ರೆ ಈ ಫೈಲುಗಳನ್ನ ಇತಿಹಾಸ ಅಂತ ಯಾರೂ ನೋಡೋದೇ ಇಲ್ಲ, ಏನಿದ್ರೂ ಲಾಯರ್‌ಗಳು ನೋಡ್ತಾರೆ.

ಇಂಗ್ಲೆಂಡಲ್ಲಿರೋ ನನ್ನ ಗೆಳತಿ ತನ್ನ ಗಂಡನ ಮುತ್ತಜ್ಜನ ಮನೆಯವರೆಲ್ಲರ ಹೆಸರು 1921ರ ಸೆನ್ಸಸ್‌ನಲ್ಲಿ ಸಿಕ್ತು ಅಂತ ಕಳಿಸಿದ್ಲು. ನಮ್ಮ ಮೈಸೂರು ಸಂಸ್ಥಾನದ 1901, 1931ರ ಸೆನ್ಸಸ್ ಹಾಗೆ ಎಲ್ಲಿ ಸಿಗತ್ತೆ? — ಓದುಗರು, ಬೆಂಗಳೂರು

ಸಿಗಲ್ಲ. ಅಲ್ಲಿ ನೂರು ವರ್ಷ ಆದ್ಮೇಲೆ ಮನೆಮನೆಯ ಫಾರಂಗಳನ್ನೇ ಬಿಡುಗಡೆ ಮಾಡ್ತಾರೆ, ಅಮೆರಿಕದಲ್ಲಿ 72 ವರ್ಷಕ್ಕೆ, ಅವರ 1950ರದ್ದು 2022ರಲ್ಲಿ ಬಂತು. ನಮ್ಮಲ್ಲಿ ಉಳಿದಿರೋದು ವರದಿ ಮತ್ತೆ ಕೋಷ್ಟಕ, ಯಾವ ತಾಲೂಕಲ್ಲಿ ಎಷ್ಟು ಜನ, ಯಾವ ಜಾತಿ, ಯಾವ ಕಸುಬು ಅನ್ನೋ ಲೆಕ್ಕ, ಹೆಸರಿರೋ ಚೀಟಿಗಳು ಜನಕ್ಕೆ ಸಿಗೋ ಹಾಗೆ ಇಲ್ಲ, ಸ್ವಾತಂತ್ರ್ಯ ಬಂದ ಮೇಲಿನದಕ್ಕೆ 1948ರ ಜನಗಣತಿ ಕಾಯ್ದೆಯೇ ಅಡ್ಡ. ಯಾವುದಾದ್ರೂ ಸೈಟು "ಇಂಡಿಯಾ ಸೆನ್ಸಸ್, ನಿಮ್ಮ ಪೂರ್ವಜರ ಹೆಸರು ನೋಡಿ" ಅಂತ ಕಾರ್ಡ್ ನಂಬರ್ ಕೇಳಿದ್ರೆ ಮುಚ್ಚಿಬಿಡಿ.

ಇಷ್ಟು ಹಿಂದಕ್ಕೆ ಬೇಡ, ಒಂದೆರಡು ತಲೆಮಾರು ಸಾಕು ಅಂದ್ರೆ ಮತದಾರರ ಪಟ್ಟಿ ಇದೆ. ರಾಜ್ಯದ ಮುಖ್ಯ ಚುನಾವಣಾಧಿಕಾರಿ ವೆಬ್‌ಸೈಟಲ್ಲಿ 2002ರ ಪಟ್ಟಿ ಹಾಕಿದಾರೆ, ಮನೆ ನಂಬರ್, ಅಪ್ಪನ ಅಥವಾ ಗಂಡನ ಹೆಸರು, ವಯಸ್ಸು ಇರತ್ತೆ. ವಯಸ್ಸನ್ನ ಮಾತ್ರ ಪೂರ್ತಿ ನಂಬ್ಬೇಡಿ.

ಮೇಡಂ, ನಮ್ಮದು ಕೋಲಾರ ಜಿಲ್ಲೆ. ನಮ್ಮಜ್ಜಿ ಹೇಳ್ತಿದ್ರು, ಅವರ ತಾತನ ತಮ್ಮ ಧಾತು ಈಶ್ವರದ ಬರದಲ್ಲಿ ಮದ್ರಾಸಿಗೆ ಹೋಗಿ ಅಲ್ಲಿಂದ ಹಡಗು ಹತ್ತಿ ನೆಟಾಲಿಗೆ ಕಬ್ಬು ಕಡಿಯೋಕೆ ಹೋದ, ಒಂದು ಕಾಗದ ಬಂತು, ಆಮೇಲೆ ಸುದ್ದಿಯೇ ಇಲ್ಲ ಅಂತ. ಅವರ ಕಡೆಯೋರು ಯಾರಾದ್ರೂ ಇದಾರಾ ಅಂತ ಆನ್‌ಲೈನ್‌ನಲ್ಲಿ ಪತ್ತೆ ಮಾಡೋಕಾಗತ್ತಾ? ಹೆಸರು ಮುನಿಯಪ್ಪ ಅಂತ ಮಾತ್ರ ಗೊತ್ತು. — ಮುಳಬಾಗಿಲು ಕಡೆಯ ಓದುಗರು

ಈ ಕಂತಲ್ಲಿ ನನಗೆ ತುಂಬಾ ಇಷ್ಟವಾದ ಪ್ರಶ್ನೆ ಇದು, ಯಾಕಂದ್ರೆ ನಿಮ್ಮಜ್ಜಿ ಒಂದು ವಾಕ್ಯದಲ್ಲಿ ವರ್ಷ, ಬಂದರು, ದೇಶ, ಕೆಲಸ ನಾಲ್ಕೂ ಕೊಟ್ಟುಬಿಟ್ಟಿದಾರೆ.

ಮೊದ್ಲು ವರ್ಷ. ಧಾತು ಸಂವತ್ಸರ ಅಂದ್ರೆ 1876-77, ಈಶ್ವರ ಅಂದ್ರೆ 1877-78. ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರೋದ್ರಿಂದ 1936-37 ಕೂಡ ಧಾತುನೇ, ಆದ್ರೆ ಬರ ಅಂದಿದಾರೆ, ತಾತನ ತಮ್ಮ ಅಂದಿದಾರೆ, ಹಾಗಾಗಿ ಹಿಂದಿನದ್ದೇ. ಆ ಬರ ಎಂಥದ್ದು ಅಂದ್ರೆ 1871ರ ಜನಗಣತಿಯಲ್ಲಿ 50 ಲಕ್ಷದ ಮೇಲಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ಕ್ಕೆ 42 ಲಕ್ಷದ ಹತ್ತಿರಕ್ಕೆ ಇಳಿದುಹೋಗಿತ್ತು. ಸತ್ತೋರು ಎಷ್ಟೋ, ಹೊಟ್ಟೆಪಾಡಿಗೆ ಗುಳೆ ಹೋದೋರು ಎಷ್ಟೋ. ನೆಟಾಲಿಗೆ (ಈಗಿನ ದಕ್ಷಿಣ ಆಫ್ರಿಕಾದ ಒಂದು ಭಾಗ) ಮದ್ರಾಸಿನಿಂದ ಮೊದಲನೇ ಹಡಗು ಟ್ರೂರೋ, 1860ರ ನವೆಂಬರ್ 16ಕ್ಕೆ ಡರ್ಬನ್ ಮುಟ್ಟಿತ್ತು, 1866ರಲ್ಲಿ ಈ ಸಾಗಾಟ ನಿಂತು 1874ಕ್ಕೆ ಮತ್ತೆ ಶುರುವಾಯ್ತು. ಅಂದ್ರೆ ಬರದ ಹೊತ್ತಿಗೆ ಹಡಗು ಓಡ್ತಾ ಇತ್ತು, ನಿಮ್ಮಜ್ಜಿ ಕಥೆ ಕಾಲಕ್ಕೆ ಸರಿಯಾಗಿ ಕೂರತ್ತೆ. 1911ರಲ್ಲಿ ನಿಲ್ಲೋವರೆಗೆ ಹೋದೋರು ಒಟ್ಟು 1,52,184 ಜನ, ಅವರಲ್ಲಿ ಹೆಚ್ಚಿನೋರು ಹಡಗು ಹತ್ತಿದ್ದು ಮದ್ರಾಸಲ್ಲೇ.

ಇಷ್ಟು ನಿಖರವಾಗಿ ಹೇಳೋಕಾಗೋದು ಯಾಕಂದ್ರೆ ಒಬ್ಬೊಬ್ಬರನ್ನೂ ಬರ್ಕೊಂಡಿದಾರೆ. ತೋಟದ ಮಾಲೀಕರಿಗೆ ಐದು ವರ್ಷದ ಕರಾರಿನ ಕೂಲಿ ಬೇಕಿತ್ತು, ಓಡಿಹೋದ್ರೆ ಹಿಡ್ಕೊಂಡು ಬರೋಕೆ ಗುರುತು ಬೇಕಿತ್ತು, ಹಾಗಾಗಿ ಹಡಗಿನ ಪಟ್ಟಿಯಲ್ಲಿ ನಂಬರ್, ಹೆಸರು, ಅಪ್ಪನ ಹೆಸರು, ವಯಸ್ಸು, ಗಂಡೋ ಹೆಣ್ಣೋ, ಜಾತಿ, ಜಿಲ್ಲೆ, ತಾಲೂಕು, ಹಳ್ಳಿ, ಎತ್ತರ, ಮೈಮೇಲಿನ ಮಚ್ಚೆ ಗಾಯದ ಗುರುತು ಎಲ್ಲಾ ಇದೆ. ಊರಲ್ಲಿದ್ದಿದ್ರೆ ಅವರ ಬಗ್ಗೆ ಇಷ್ಟು ಯಾರೂ ಬರೀತಿರ್ಲಿಲ್ಲ, ಕೂಲಿಗೆ ಹೋಗಿದ್ದಕ್ಕೆ ಬರೆದ್ರು, ಯೋಚ್ನೆ ಮಾಡಿದ್ರೆ ಒಂಥರಾ ಆಗತ್ತೆ. ಈ ಪಟ್ಟಿಗಳನ್ನ ಕಂಪ್ಯೂಟರಿಗೆ ಹಾಕಿದಾರೆ, ಡರ್ಬನ್‌ನ ಕ್ವಾಜುಲು-ನೆಟಾಲ್ ವಿಶ್ವವಿದ್ಯಾಲಯದ ಗಾಂಧಿ-ಲುತುಲಿ ದಾಖಲೆ ಕೇಂದ್ರದ ಮೂಲಕ ಆನ್‌ಲೈನ್‌ಗೂ ಬಂದಿದೆ.

ಇಲ್ಲೂ ಹೆಸರಿಂದ ಶುರು ಮಾಡ್ಬೇಡಿ. ಮುನಿಯಪ್ಪ ಅನ್ನೋದನ್ನ ಮದ್ರಾಸಿನ ಗುಮಾಸ್ತ ಕಿವಿಗೆ ಬಿದ್ದ ಹಾಗೆ ಇಂಗ್ಲಿಷಲ್ಲಿ ಬರ್ಕೊಂಡಿರ್ತಾನೆ, ಮುನಿಯಪ್ಪನ್, ಮೂನಿಯಪ್ಪ, ಬರೀ ಮುನಿ, ಏನಾದ್ರೂ ಆಗಿರ್ಬಹುದು, ಮೇಲಿಂದ ಆ ಹೆಸರು ತಮಿಳು, ತೆಲುಗರಲ್ಲೂ ಬೇಕಾದಷ್ಟು. ಜಿಲ್ಲೆ ಕಾಲಂನಲ್ಲಿ ಮೈಸೂರು, ಬೆಂಗಳೂರು, ಕೋಲಾರ ಇವನ್ನ ನಾನಾ ಸ್ಪೆಲ್ಲಿಂಗಲ್ಲಿ ಹಾಕಿ ಮೊದ್ಲು ಸೋಸಿ, ಆಮೇಲೆ 1876ರಿಂದ 1879ರ ಹಡಗುಗಳು ಮಾತ್ರ ಇಟ್ಕೊಳ್ಳಿ, ಆಮೇಲೆ ಹಳ್ಳಿ. ಮುಳಬಾಗಿಲು ಆಂಧ್ರದ ಗಡಿ ಆದ್ರಿಂದ ಉತ್ತರ ಆರ್ಕಾಟ್ ಜಿಲ್ಲೆ (ಚಿತ್ತೂರು ಕಡೆ ಆಗ ಅದರಲ್ಲೇ ಇತ್ತು) ಅಂತಾನೂ ನೋಡಿ, ಯಾಕಂದ್ರೆ ಬ್ರೋಕರ್ ಎಲ್ಲಿ ಸಿಕ್ಕಿದ್ನೋ ಆ ಊರನ್ನೇ ಬರೆಸಿರೋ ಸಾಧ್ಯತೆನೂ ಇದೆ. ಅಪ್ಪನ ಹೆಸರು ಗೊತ್ತಾದ್ರೆ ತುಂಬಾ ಅನುಕೂಲ, ನಿಮ್ಮಜ್ಜಿಯ ತಾತನ ಅಪ್ಪ ಯಾರು ಅಂತ ಮೇಲಿನ ಮದ್ದೂರಿನೋರಿಗೆ ಹೇಳಿದ ದಾರಿಯಲ್ಲೇ ಹುಡುಕಿ. ಪಟ್ಟಿಯಲ್ಲಿ ಹಿಂದೆ ಮುಂದಿನ ನಂಬರ್ ಕೂಡ ನೋಡಿ, ಒಂದೇ ಊರೋರು ಜೊತೆಗೇ ಹೋಗಿರ್ತಾರೆ.

ಒಮ್ಮೆ ಆ ನಂಬರ್ ಸಿಕ್ತು ಅಂದ್ರೆ ಆಮೇಲೆ ಕೆಲಸ ಹಗುರ, ಯಾಕಂದ್ರೆ ಅಲ್ಲಿ ಅವರ ಮದುವೆ, ಸಾವು, ತೋಟದಿಂದ ತೋಟಕ್ಕೆ ವರ್ಗ ಎಲ್ಲದಕ್ಕೂ ಅದೇ ನಂಬರ್. ನೆಟಾಲಿನ ಮರಣ ನೋಂದಣಿ ಪುಸ್ತಕಗಳು ಫ್ಯಾಮಿಲಿಸರ್ಚ್‌ನಲ್ಲಿವೆ (ನೋಡಿ, ಮದ್ದೂರಿನೋರಿಗೆ ಬೇಡ ಅಂದಿದ್ದು ನಿಮಗೆ ಬೇಕು), ಕ್ಯಾಮೆರಾ ಚಿತ್ರದ ಮೇಲೆ ಕೀಲಿ ಗುರುತಿದ್ರೆ ಆ ಪುಟ ಮನೆಯಿಂದ ತೆರೆಯೋಕೆ ಆಗ್ದೇ ಇರ್ಬಹುದು, ಅವರ ಕೇಂದ್ರಕ್ಕೆ ಹೋಗಿ ನೋಡ್ಬೇಕಾಗತ್ತೆ. ಹತ್ತು ವರ್ಷ ಮುಗಿಸಿದೋರಿಗೆ ವಾಪಸ್ ಹಡಗಿನ ಹಕ್ಕೂ ಇತ್ತು, ವಾಪಸ್ ಬಂದು ಮದ್ರಾಸಲ್ಲೋ ಕೆಜಿಎಫ್‌ನಲ್ಲೋ ನಿಂತುಬಿಟ್ಟೋರೂ ಇರ್ಬಹುದು, ಆದ್ರಿಂದ ಆಫ್ರಿಕಾದಲ್ಲೇ ಇದ್ರು ಅಂತ ಗಂಟು ಹಾಕ್ಕೋಬೇಡಿ.

ನೆಟಾಲ್ ಪಟ್ಟಿಯಲ್ಲಿ ಸಿಗದೇ ಇದ್ರೆ ಮಾರಿಷಸ್ ನೋಡಿ, ಹಳ್ಳಿ ಕಡೆ ಯಾವ ದ್ವೀಪ ಅಂತ ಯಾರು ನೆನಪಿಟ್ಕೊಂಡಿರ್ತಾರೆ. ಅಲ್ಲಿಗೆ 1834ರಿಂದಾನೇ ನಾಲ್ಕೂವರೆ ಲಕ್ಷದಷ್ಟು ಜನ ಹೋಗಿದಾರೆ, ದಾಖಲೆಗಳು ಮೋಕಾದ ಮಹಾತ್ಮ ಗಾಂಧಿ ಇನ್‌ಸ್ಟಿಟ್ಯೂಟ್‌ನಲ್ಲಿವೆ, 1860ರ ದಶಕದಿಂದ ಈಚೆಗಿನೋರದ್ದು ಫೋಟೋನೂ ಇದೆ. ಫಿಜಿಗೆ ಮದ್ರಾಸಿನಿಂದ ಹಡಗು ಹೋಗೋಕೆ ಶುರುವಾಗಿದ್ದೇ 1903ರಲ್ಲಿ, ಹಾಗಾಗಿ ಅದನ್ನ ಬಿಡಿ. ಇನ್ನೊಂದು, 2025ರ ಮಾರ್ಚ್‌ನಲ್ಲಿ ಮಾರಿಷಸ್‌ನ ಭಾರತೀಯ ಮೂಲದ ಏಳನೇ ತಲೆಮಾರಿನವರಿಗೂ ಒಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡ್ ಅಂತ ಘೋಷಣೆ ಆಯ್ತು, ಅದಾದ್ಮೇಲೆ ಅಲ್ಲಿಯ ಜನ ಹಳ್ಳಿ ಹೆಸರು ಹಿಡ್ಕೊಂಡು ಈ ಕಡೆ ಹುಡುಕೋದೂ ಜಾಸ್ತಿ ಆಗ್ಬಹುದು, ನೀವು ಆ ಕಡೆಗೆ ಹುಡುಕ್ತಿರುವಾಗ ಯಾರೋ ಈ ಕಡೆಗೆ ಹುಡುಕ್ತಿರ್ತಾರೆ. ಹಾಗಾಗಿ ನಿಮ್ಮ ಹಳ್ಳಿ ಹೆಸರನ್ನ ಇಂಗ್ಲಿಷಲ್ಲಿ ಹಳೇ ಸ್ಪೆಲ್ಲಿಂಗಲ್ಲೂ ಎಲ್ಲಾದ್ರೂ ಹಾಕಿಡಿ.

ನಮ್ಮ ಮುತ್ತಾತ ಮೈಸೂರು ಲ್ಯಾನ್ಸರ್ಸ್‌ನಲ್ಲಿ ಕುದುರೆ ಸವಾರರಾಗಿದ್ರು, ಹೈಫಾ ಯುದ್ಧಕ್ಕೆ ಹೋಗಿ ಬಂದ್ರು ಅಂತ ಮನೇಲಿ ಹೆಮ್ಮೆಯಿಂದ ಹೇಳ್ತಾರೆ. ಕಾಮನ್‌ವೆಲ್ತ್ ಸಮಾಧಿಗಳ ಸೈಟಲ್ಲಿ ಅವರ ಹೆಸರೇ ಇಲ್ಲ. ಹಾಗಾದ್ರೆ ಸುಳ್ಳಾ? — ಓದುಗರು, ಮೈಸೂರು

ನಿಮ್ಮ ಪ್ರಶ್ನೆಯಲ್ಲೇ ಉತ್ತರ ಇದೆ, "ಹೋಗಿ ಬಂದ್ರು" ಅಂದ್ರಲ್ಲ. ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ ಪಟ್ಟಿ ಎರಡೂ ಮಹಾಯುದ್ಧಗಳಲ್ಲಿ ತೀರಿಕೊಂಡ ಸುಮಾರು 17 ಲಕ್ಷ ಜನರದ್ದು, ಬದುಕಿ ಬಂದೋರು ಅದರಲ್ಲಿ ಇರಲ್ಲ, ಇರ್ಬಾರ್ದು ಕೂಡ.

1918ರ ಸೆಪ್ಟೆಂಬರ್ 23ಕ್ಕೆ ಹೈಫಾ ಹಿಡಿದಿದ್ದು ಜೋಧಪುರ ಮತ್ತೆ ಮೈಸೂರಿನ ಲ್ಯಾನ್ಸರ್‌ಗಳು, ಜೋಧಪುರದೋರು ಊರಿನ ಕಡೆ ನುಗ್ಗಿದ್ರೆ ಮೈಸೂರಿನೋರು ಕಾರ್ಮೆಲ್ ಗುಡ್ಡದ ಮೇಲಿನ ಫಿರಂಗಿಗಳ ಕಡೆ ಹತ್ತಿದ್ರು. ದೆಹಲಿಯ ತೀನ್ ಮೂರ್ತಿಯಲ್ಲಿ ನಿಂತಿರೋ ಮೂವರಲ್ಲಿ ಒಬ್ಬ ನಮ್ಮೋನು, ಬೆಂಗಳೂರಿನ ಜೆ.ಸಿ. ನಗರದಲ್ಲೂ ಲ್ಯಾನ್ಸರ್ಸ್ ಸ್ಮಾರಕ ಇದೆ. ಈಗ ನಿಮ್ಮ ಮುತ್ತಾತನ ಹೆಸರು ಯಾರು ಬರ್ಕೊಂಡಿರ್ತಾರೆ? ಅದು ಬ್ರಿಟಿಷ್ ಇಂಡಿಯಾದ ಸೈನ್ಯ ಅಲ್ಲ, ಸಂಸ್ಥಾನದ ಸೈನ್ಯ, ಸಂಬಳ ಪಿಂಚಣಿ ಮಹಾರಾಜರ ಸರ್ಕಾರದ್ದು. ಹಾಗಾಗಿ ಲಂಡನ್ನಿಗೆ ಹೋಗೋಕೆ ಮುಂಚೆ ನಮ್ಮ ರಾಜ್ಯ ಪತ್ರಾಗಾರಕ್ಕೆ ಹೋಗಿ, ಮೈಸೂರಲ್ಲೂ ಅದರ ವಿಭಾಗೀಯ ಕಚೇರಿ ಇದೆ, ಸಂಸ್ಥಾನದ ಮಿಲಿಟರಿ ಇಲಾಖೆ ಕಡತಗಳ ಸೂಚಿ ಕೇಳಿ. ಬ್ರಿಟನ್ನಿನ ನ್ಯಾಷನಲ್ ಆರ್ಕೈವ್ಸ್‌ನಲ್ಲಿ ಯುದ್ಧದ ದಿನಚರಿಗಳಿವೆ, 15ನೇ ಇಂಪೀರಿಯಲ್ ಸರ್ವೀಸ್ ಕ್ಯಾವಲ್ರಿ ಬ್ರಿಗೇಡ್ ಅಂತ ಹುಡುಕಿ, ಆದ್ರೆ ಅದರಲ್ಲಿ ಅಧಿಕಾರಿಗಳ ಹೆಸರು ಬರತ್ತೆ, ಸವಾರರು ಬರೋದು ಅಪರೂಪ. ಯಾವ ದಿನ ಎಲ್ಲಿದ್ರು, ಕುದುರೆಗಳಿಗೆ ನೀರು ಸಿಕ್ತಾ ಇಲ್ವಾ, ಅಂಥದ್ದನ್ನ ಓದೋಕೆ ಮಾತ್ರ ಅದು ಚೆನ್ನಾಗಿರತ್ತೆ. ಮನೇಲಿ ಮೆಡಲ್ ಉಳಿದಿದ್ರೆ ಅದರ ಅಂಚನ್ನ ಭೂತಗನ್ನಡಿ ಹಾಕಿ ನೋಡಿ, ನಂಬರು, ಹೆಸರು, ಪಡೆ ಕೆತ್ತಿರ್ತಾರೆ, ಪಾಲಿಶ್ ಹಾಕಿ ಉಜ್ಜಿಬಿಡ್ಬೇಡಿ.

ಯುದ್ಧದಲ್ಲಿ ತೀರಿಕೊಂಡೋರನ್ನ ಹುಡುಕ್ತಿರೋ ಬೇರೆ ಓದುಗರಿಗೆ: ಆ ಸಮಾಧಿ ಸೈಟಲ್ಲಿ ಹೆಸರಿನ ಜಾಗ ಖಾಲಿ ಬಿಟ್ಟು, ಹೆಚ್ಚುವರಿ ಮಾಹಿತಿ ಅನ್ನೋ ಜಾಗದಲ್ಲಿ ಊರಿನ ಹೆಸರನ್ನ ಇಂಗ್ಲಿಷಲ್ಲಿ ಹಾಕಿ ನೋಡಿ. "ಇಂಥವರ ಮಗ, ಇಂಥ ಊರು, ಮೈಸೂರು" ಅಂತ ಎಷ್ಟೋ ಜನರದ್ದಿದೆ, ಅದರಲ್ಲೂ ಎರಡನೇ ಮಹಾಯುದ್ಧದ್ದು, ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್‌ಗೆ ಸೇರಿದ್ದೋರು ಸಿಂಗಪುರ, ಬರ್ಮಾದ ಸ್ಮಾರಕಗಳಲ್ಲಿ ಸಿಗ್ತಾರೆ.

ನಮ್ಮ ಅಜ್ಜನ ಅಪ್ಪ ಮಂಗಳೂರಿನಲ್ಲಿ ಬಾಸೆಲ್ ಮಿಶನ್ ಹಂಚಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಆನ್‌ಲೈನಲ್ಲಿ ಬಾಸೆಲ್ ಮಿಶನ್ ಫೋಟೋಗಳು ಸಿಕ್ಕಿವೆ, ಅವರದ್ದು ಅಂತ ಹೇಗೆ ಗೊತ್ತಾಗುವುದು? — ಓದುಗರು, ಜೆಪ್ಪು, ಮಂಗಳೂರು

ಫೋಟೋದಿಂದ ಗೊತ್ತಾಗೋದು ಕಷ್ಟ. ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿರೋ ಮಿಶನ್ ಪತ್ರಾಗಾರದೋರು ಫೋಟೋ, ನಕ್ಷೆ, ಕಡತಗಳ ಸೂಚಿ ಎಲ್ಲಾ ಆನ್‌ಲೈನ್‌ಗೆ ಹಾಕಿದಾರೆ, ಅಷ್ಟು ಅಚ್ಚುಕಟ್ಟಾಗಿ ನಮ್ಮ ಯಾವ ಪತ್ರಾಗಾರನೂ ಮಾಡಿಲ್ಲ, ಆದ್ರೆ ಫೋಟೋ ಅಡಿಬರಹದಲ್ಲಿ ಪಾದ್ರಿಯ ಹೆಸರಿರತ್ತೆ, ಪಕ್ಕದಲ್ಲಿ ನಿಂತೋರಿಗೆ "ಕೆಲಸಗಾರರು" ಅಂತ ಇರತ್ತೆ. ಜೆಪ್ಪುವಿನ ಹಂಚಿನ ಕಾರ್ಖಾನೆ 1865ರದ್ದು, ಪ್ಲೆಬ್ಸ್ಟ್ ಅನ್ನೋ ಮಿಶನರಿ ಶುರು ಮಾಡಿದ್ದು. 1914ರ ಯುದ್ಧ ಬಂದಾಗ ಜರ್ಮನ್ ಮಿಶನರಿಗಳನ್ನ ಬಂಧನದಲ್ಲಿಟ್ರು, ಆಮೇಲೆ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಕೈಗೆ ಹೋದವು, ಹಾಗಾಗಿ ನಿಮ್ಮ ಹಿರಿಯರು ಯಾವ ವರ್ಷ ಕೆಲಸದಲ್ಲಿದ್ರು ಅನ್ನೋದರ ಮೇಲೆ ಕಾಗದ ಯಾರ ಹತ್ರ ಇರತ್ತೆ ಅನ್ನೋದು ಬದಲಾಗತ್ತೆ.

ಕುಟುಂಬ ಕ್ರೈಸ್ತರಾಗಿದ್ರೆ ಸಭೆಯ ರಿಜಿಸ್ಟರೇ ಮೊದಲ ದಾರಿ, ದೀಕ್ಷಾಸ್ನಾನ, ಮದುವೆ, ಸಮಾಧಿ ಮೂರೂ ಇರತ್ತೆ, ಈಗ ಅವು ಆಯಾ ಸಿಎಸ್‌ಐ (ದಕ್ಷಿಣ ಭಾರತ ಸಭೆ, ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಗಳಲ್ಲಿ. ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನ ಪತ್ರಾಗಾರಕ್ಕೂ ಹೋಗಿ ಬನ್ನಿ, ನಿಮಗೆ ನಡೆದು ಹೋಗೋಷ್ಟು ದೂರ. ದೀಕ್ಷೆ ತಗೊಂಡಾಗ ಹೆಸರು ಬದಲಾಗಿರತ್ತೆ, ಹಳೇ ಹೆಸರು ಪಕ್ಕದಲ್ಲೇ ಇರ್ಬಹುದು, ಇಲ್ದೇನೂ ಇರ್ಬಹುದು. ಬಾಸೆಲ್‌ಗೆ ಕಳಿಸಿದ ವರದಿಗಳು ಹಳೇ ಜರ್ಮನ್ ಕೈಬರಹ, ಈಗಿನ ಜರ್ಮನ್ನರಿಗೇ ಓದೋಕೆ ಬರಲ್ಲ, ಟ್ರಾನ್ಸ್‌ಕ್ರಿಬಸ್ ಅನ್ನೋ ಸಾಫ್ಟ್‌ವೇರ್ ಆ ಬರಹನ ಒಂದು ಮಟ್ಟಿಗೆ ಅಕ್ಷರಕ್ಕೆ ಇಳಿಸತ್ತೆ, ಅದನ್ನ ಅನುವಾದಕ್ಕೆ ಹಾಕಿದ್ರೆ ತಲೆಬುಡ ಸಿಗತ್ತೆ. ಇದೆಲ್ಲ ಕೊನೆಗೆ, ರಿಜಿಸ್ಟರ್ ನೋಡಿಯಾದ ಮೇಲೆ.

ಡಲ್ಲಾಸಲ್ಲಿರೋ ನಮ್ಮ ಚಿಕ್ಕಪ್ಪನ ಮಗ ಎಂಜಲು ಕಳಿಸಿ ಡಿಎನ್‌ಎ ಟೆಸ್ಟ್ ಮಾಡಿಸೋಣ, ವಂಶವೃಕ್ಷ ಪೂರ್ತಿ ಬರತ್ತೆ ಅಂತಾನೆ. ಮಾಡಿಸ್ಬೋದಾ? — ಓದುಗರು, ಶಿವಮೊಗ್ಗ

ವಂಶವೃಕ್ಷ ಬರಲ್ಲ. ಅದೇ ಕಂಪನಿಗೆ ಎಂಜಲು ಕೊಟ್ಟ ಬೇರೆಯವರ ಜೊತೆ ನಿಮ್ಮ ನಂಟು ಎಷ್ಟು ಹತ್ತಿರ ಅಂತ ಬರತ್ತೆ, ನಮ್ಮ ಕಡೆಯೋರು ಕೊಟ್ಟಿರೋದೇ ಕಮ್ಮಿ, ಅದರ ಮೇಲೆ ಸೋದರ ಸಂಬಂಧದಲ್ಲೇ ಮದುವೆ ಆಗಿರೋ ಮನೆತನಗಳಲ್ಲಿ ಐದನೇ ತಲೆಮಾರಿನ ನೆಂಟನೂ ಮೂರನೇ ತಲೆಮಾರಿನೋನ ಥರ ಕಾಣ್ತಾನೆ. ಇನ್ನು ಭದ್ರತೆ ವಿಷ್ಯ, ಟ್ವೆಂಟಿತ್ರೀ ಆಂಡ್ ಮಿ ಅನ್ನೋ ದೊಡ್ಡ ಕಂಪನಿಯಿಂದ 2023ರಲ್ಲಿ ಸುಮಾರು 69 ಲಕ್ಷ ಜನರ ವಿವರ ಸೋರಿತು, 2025ರ ಮಾರ್ಚಲ್ಲಿ ಅದು ದಿವಾಳಿ ಅರ್ಜಿನೂ ಹಾಕ್ತು. ಎಂಜಲು ಒಬ್ಬ ಕೊಟ್ರೂ ಗುಟ್ಟು ಇಡೀ ಮನೆದು ಹೋಗತ್ತೆ. ನಾನಂತೂ ಕೊಡಲ್ಲ.

ಆನ್‌ಲೈನ್ ವಂಶವೃಕ್ಷ ಮಾಡೋದಾದ್ರೆ ಮಾಡಿ, ಆದ್ರೆ ಬದುಕಿರೋರ ಹುಟ್ಟಿದ ದಿನ, ತಾಯಿಯ ತವರಿನ ಹೆಸರು ಹಾಕ್ಬೇಡಿ, ಬ್ಯಾಂಕಿನೋರು ಫೋನಲ್ಲಿ ಕೇಳೋದು ಅದನ್ನೇ. ಬೇರೆಯೋರ ಮರದಿಂದ ಕಾಪಿ ಹೊಡೀಬೇಡಿ, ಒಬ್ಬರು ಊಹೆ ಮಾಡಿದ್ದು ಹತ್ತು ಮರದಲ್ಲಿ ಬಂದ ಮೇಲೆ ಸತ್ಯದ ಥರ ಕಾಣತ್ತೆ.

ನಮಸ್ಕಾರ್ರೀ. ನಮ್ಮದು ಗೋಕಾಕ ಕಡೆ. ನಮ್ಮ ಮನಿಗೆ ಹೆಳವರು ಎತ್ತಿನ ಮ್ಯಾಲೆ ಬಂದು ನಮ್ಮ ಮನೆತನದ ಹತ್ತ-ಹನ್ನೆರಡು ತಲಿ ಹೆಸರ ಹೇಳ್ತಿದ್ರು. ಈಗ ಬರೂದು ಕಡಿಮಿ ಆಗೇತಿ, ಹ್ವಾದ ಸುಗ್ಗಿಗೆ ಬಂದಾಂವ ಬೈಕ್ ಮ್ಯಾಲೆ ಬಂದಿದ್ದ, ವಹಿ ಇಟ್ಕೊಂಡಿದ್ದ. ಅವ್ರು ಹೇಳೂದು ಖರೇ ಅಂತ ನಂಬಬಹುದೇನ್ರಿ? ಆನ್‌ಲೈನ್ ತಾಳಿ ನೋಡಾಕ ಬರತೈತೇನು? — ಓದುಗರು, ಗೋಕಾಕ

ನಿಮ್ಮ ಅದೃಷ್ಟ ನೋಡಿ ಹೊಟ್ಟೆ ಉರೀತಿದೆ. ಬಾಕಿಯೋರೆಲ್ಲ ಗುಮಾಸ್ತರ ಪಟ್ಟಿಯಲ್ಲಿ ಹುಡುಕ್ತಿದ್ರೆ ನಿಮ್ಮ ಮನೆತನ ನೆನಪಿಟ್ಕೊಳ್ಳೋದೇ ಕಸುಬು ಮಾಡ್ಕೊಂಡೋರು ಬಾಗಿಲಿಗೇ ಬರ್ತಿದಾರೆ. ಅವರು ಯಾಕೆ ಬರ್ಕೊಂಡ್ರು ಅನ್ನೋದನ್ನ ಮಾತ್ರ ಮರೀಬೇಡಿ, ಕಾಳು, ಬಟ್ಟೆ, ದುಡ್ಡು ಕೊಡೋ ಮನೆ ಯಾವುದು ಅಂತ ನೆನಪಿರೋಕೆ. ಹಾಗಾಗಿ ಕೊಡ್ತಾ ಬಂದ ಕವಲು ವಿವರವಾಗಿರತ್ತೆ, ಊರು ಬಿಟ್ಟು ಹೋದ ಕವಲು ಅಲ್ಲಿಗೇ ನಿಂತಿರತ್ತೆ, ಮೂಲಪುರುಷನ ಕಥೆಗೆ ಸ್ವಲ್ಪ ಬಣ್ಣ ಹತ್ತಿರತ್ತೆ, ಮನೆಯವರ ಎದುರಿಗೆ ನಿಂತು ಅವರ ಹಿರಿಯರು ಸಾಧಾರಣದೋರು ಅಂತ ಯಾರು ಹೇಳ್ತಾರೆ.

ತಾಳೆ ನೋಡೋದಕ್ಕೆ ಈಚಿನ ನಾಲ್ಕೈದು ತಲೆಮಾರು ಸಾಕು. ನಿಮ್ಮ ಕಡೆ ಮುಂಬಯಿ ಪ್ರಾಂತ್ಯದ ಸರ್ವೆ ಹಳೇ ಮೈಸೂರಿಗಿಂತ ಮುಂಚೇನೇ ಆಗಿದ್ದು, ಮೈಸೂರಲ್ಲಿ ಶುರುವಾಗಿದ್ದೇ 1863ರಲ್ಲಿ. ಹಳೇ ಉತಾರ, ವಾರಸಾ ಡೈರಿ ನಕಲು ತೆಗೆಸಿ ಹೆಳವರು ಹೇಳಿದ ಹೆಸರಿನ ಜೊತೆ ಇಟ್ಟು ನೋಡಿ, ಕಾಗದ ಇರೋವರೆಗೆ ಅವರ ಮಾತು ಹೊಂದಿಕೆ ಆದ್ರೆ ಕಾಗದ ಇಲ್ಲದ ಹಿಂದಿನ ತಲೆಮಾರಿಗೂ ಒಂದಿಷ್ಟು ನಂಬಿಕೆ ಇಡ್ಬಹುದು, ಪೆನ್ಸಿಲಲ್ಲಿ ಬರ್ಕೊಳ್ಳಿ.

ಈ ಸಲ ಬಂದಾಗ ಫೋನಲ್ಲಿ ರೆಕಾರ್ಡ್ ಮಾಡ್ಕೊಳ್ಳಿ, ಅವರನ್ನ ಕೇಳಿ ಮಾಡ್ಕೊಳ್ಳಿ. ನಡುವೆ ಬಾಯಿ ಹಾಕಿ ತಿದ್ಬೇಡಿ, ಅವರ ಲಯದಲ್ಲೇ ಪೂರ್ತಿ ಹೇಳೋಕೆ ಬಿಡಿ, ಆಮೇಲೆ ಹೆಸರು ಹೆಸರಾಗಿ ಮತ್ತೊಮ್ಮೆ ಕೇಳಿ, ಹೆಣ್ಣು ಯಾವ ಊರಿಂದ ತಂದಿದ್ದು ಅನ್ನೋದನ್ನೂ ಕೇಳಿ. ಅವರ ವಹಿಯ ಫೋಟೋ ತೆಗೆದು ಫೇಸ್‌ಬುಕ್ಕಿಗೆ ಹಾಕೋದು ಬೇಡ, ಅದರಲ್ಲಿ ನಿಮ್ಮ ಮನೆ ಒಂದೇ ಅಲ್ಲ, ಊರಿನ ಮನೆಗಳೆಲ್ಲ ಇದೆ, ಮೇಲಾಗಿ ಅದು ಅವರ ಅನ್ನ. ಕೊಡೋದನ್ನ ಕೈತುಂಬ ಕೊಡಿ, ಮುಂದಿನ ಸುಗ್ಗಿಗೆ ಬರೋವಾಗ ಅವರ ಅಪ್ಪನನ್ನೋ ಚಿಕ್ಕಪ್ಪನನ್ನೋ ಕರ್ಕೊಂಡು ಬರೋಕಾಗತ್ತಾ ಕೇಳಿ ನೋಡಿ, ವಹಿಗೆ ಇಳಿಯದೇ ಇರೋದು ಅವರ ಬಾಯಲ್ಲಿ ಇನ್ನೂ ಇರ್ಬಹುದು.